ದಲ್ಲಾಳಿ ಮಕ್ತುಮ್ ಸಾಬರ ಬಾಯಿಗೆ ಥರ್ಮಾಮೀಟರ್

ಹರಿಹರದಿಂದ ದಾವಣಗೆರೆಗೆ ಒಂದೂವರೆ ರೂಪಾಯಿ ಎಂದು ಬಸ್ಸಿನ ಕಂಡಕ್ಟರು ಹೇಳಿದರೆ ನೀವು ನಾವು ಸುಮ್ಮನೆ ಜೇಬಿಗೆ ಕೈ ಹಾಕುತ್ತೇವೆ. ದಲ್ಲಾಳಿ ಮಕ್ತುಮ್ ಸಾಬರು ಮುಖ ಸಿಂಡರಿಸುತ್ತಿದ್ದರು. "ಒಂದೂವರೆನಾ? ಏನ್ ತಮ್ಮಾ, ದಿನಾ ಓಡಾಡೋರಿಗೂ ಅದೇ ರೇಟಾ? ಒಂದೂಕಾಲು ಹಿಡಿ, ಮುಗಿಸು" ಎನ್ನುತ್ತಿದ್ದರು. ಕಂಡಕ್ಟರು ಟಿಕೇಟಿನ ಮೇಲೆ ಅಚ್ಚಾಗಿದ್ದ ದರ ತೋರಿಸಿದರೆ, "ಅಚ್ಚು ಹಾಕೋರು ಏನ್ ಬೇಕಾದ್ರೂ ಹಾಕ್ತಾರ. ನೀನು ಮನುಷ್ಯ ಅಲ್ಲೇನು?" ಎಂದು ಮರ್ಮಕ್ಕೆ ಕೈ ಹಾಕುತ್ತಿದ್ದರು. ದೊಡ್ಡಬಾತಿ ದಾಟುವವರೆಗೂ ಈ ಹಗ್ಗಜಗ್ಗಾಟ ನಡೆದು, ಕೊನೆಗೆ ಒಂದೂವರೆಯನ್ನೇ ಕೊಟ್ಟು, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ ಕಿಟಕಿಯ ಕಡೆ ತಿರುಗಿ ಕೂತುಬಿಡುತ್ತಿದ್ದರು.

ಡಾಕ್ಟರು ದಿನಕ್ಕೆ ಮೂರು ಮಾತ್ರೆ, ಹತ್ತು ದಿನ ಎಂದರೆ, "ಎರಡು ಮಾತ್ರೆ, ಆರು ದಿನ. ಇನ್ನ ಮಾತಾಡಬ್ಯಾಡ್ರಿ" ಎನ್ನುವವರು. ಊಟಕ್ಕೆ ಕೂತಾಗ ಹೆಂಡತಿ ಹಜೀರಾಬೀ ಎರಡು ರೊಟ್ಟಿ ಹಾಕಲು ಬಂದರೆ ಒಂದೂವರೆಗೆ ಇಳಿಸಿ, ಆಮೇಲೆ ಮೂರು ತಿನ್ನುವವರು. ಹಜೀರಾಬೀಗೆ ಸಾಕಾಗಿ ಹೋಗಿತ್ತು. ರೊಟ್ಟಿ ಎರಡು ಬೇಕಾದ ದಿನ ಆಕೆ ನಾಲ್ಕರಿಂದ ಶುರು ಮಾಡುತ್ತಿದ್ದಳು.

ಇದೆಲ್ಲಾ ಜಿಪುಣತನ ಅಂತ ತಿಳಿಯಬೇಡಿ, ಪಾಪ. ಅದು ಕಸುಬು ಮೈಗೆ ಹತ್ತಿದ್ದರ ಫಲ. ಮಕ್ತುಮ್ ಸಾಬರು ಮೂವತ್ತು ವರ್ಷ ದಾವಣಗೆರೆಯ ದನದ ಸಂತೆಯಲ್ಲಿ ದಲ್ಲಾಳಿ. ಕಡರನಾಯಕನಹಳ್ಳಿ, ನಂದಿಗುಡಿ ಕಡೆಯ ರೈತರಿಗೆ ಜೋಡೆತ್ತು ಬೇಕೆಂದರೆ ಮೊದಲು ಹುಡುಕುತ್ತಿದ್ದುದು ಇವರನ್ನೇ. ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಲಕ್ಷಣ, ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿದರೆ, ಆ ಎತ್ತಿನ ತಾಯಿ ಬಂದು ಹೇಳಿದರೂ ಜನ ನಂಬುತ್ತಿರಲಿಲ್ಲ, ಸಾಬರ ಮಾತನ್ನೇ ನಂಬುತ್ತಿದ್ದರು. ದರದ ಮಾತು ಬಾಯಲ್ಲಿ ಆಡುವಂಥದ್ದಲ್ಲ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಮಾರುವವನಿಗೊಂದು ದರ, ಕೊಳ್ಳುವವನಿಗೊಂದು ದರ ತಿಳಿಸಿ, ಇಬ್ಬರನ್ನೂ ಎಳೆದೆಳೆದು ಒಂದು ಕಡೆ ತಂದು ನಿಲ್ಲಿಸಬೇಕು. ದರ ಕುದುರಿತೋ, ಕೈಗೆ ಕೈ ತಟ್ಟಬೇಕು. ತಟ್ಟಿದ ಮೇಲೆ ಮುಗಿಯಿತು, ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ಕೊನೆಗೆ ಮಾರುವವನು ಹಗ್ಗವನ್ನು ಕೊಳ್ಳುವವನ ಕೈಗೆ ಕೊಡುತ್ತಾನೆ, ದಲ್ಲಾಳಿಗೆ ನೂರಕ್ಕೆ ಎರಡು ರೂಪಾಯಿ ಸಲ್ಲುತ್ತದೆ. ಕೈ ತಟ್ಟಿದ ಮಾತನ್ನು ಮಕ್ತುಮ್ ಸಾಬರು ಮೂವತ್ತು ವರ್ಷದಲ್ಲಿ ಒಂದು ಸಲವೂ ಮುರಿದವರಲ್ಲ. ಈ ಒಂದು ವಿಷಯಕ್ಕೆ ಅವರಿಗೆ ಎಲ್ಲಿಲ್ಲದ ಹೆಮ್ಮೆ.

ಎಂಬತ್ನಾಲ್ಕನೇ ಇಸವಿಯಲ್ಲಿ ಅವರ ಒಬ್ಬಳೇ ಮಗಳು ಶಮೀಮ್ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ದಾವಣಗೆರೆಯ ಒಂದು ಕಾಲೇಜಿನಲ್ಲಿ ನರ್ಸಿಂಗ್ ಡಿಗ್ರಿಗೆ ಸೀಟೂ ಸಿಕ್ಕಿತು. ನಾಲ್ಕು ವರ್ಷದ ಓದು. ಫೀಸು, ಹಾಸ್ಟೆಲ್ಲು, ಯೂನಿಫಾರಂ, ಪುಸ್ತಕ ಎಲ್ಲಾ ಸೇರಿ ಹನ್ನೆರಡು ಸಾವಿರ. ಕಾಲೇಜಿನವರು ಟೈಪ್ ಮಾಡಿಸಿ ಕೊಟ್ಟಿದ್ದ ಪಟ್ಟಿಯನ್ನು ಅವಳು ಅಪ್ಪನ ಕೈಗಿಟ್ಟಳು. ತಿಂಗಳ ಕೊನೆಯ ಶನಿವಾರದೊಳಗೆ ಮೊದಲ ಕಂತು ಕಟ್ಟದಿದ್ದರೆ ಸೀಟು ಬೇರೆಯವರಿಗೆ.

"ಹನ್ನೆರಡಾ? ಏಳು ಮಾಡ್ತಾರೇನು ಕೇಳು" ಎಂದರು ಸಾಬರು.

"ಅಬ್ಬಾ, ಅದು ಕಾಲೇಜು. ಸಂತೆ ಅಲ್ಲ."

"ಎಲ್ಲಾ ಸಂತೆನೇ ಮಗಳೇ. ಕೆಲವು ಕಡೆ ಸೆಗಣಿ ಇರಂಗಿಲ್ಲ, ಅಷ್ಟೇ."

ಆದರೂ ಸಾಬರು ಬೇಡವೆನ್ನಲಿಲ್ಲ. ಅವರ ಪ್ರಕಾರ ಯಾವುದನ್ನೇ ಆಗಲಿ ಹಲ್ಲು ನೋಡದೆ ಬೇಕು ಅನ್ನುವುದೂ ತಪ್ಪು, ಬೇಡ ಅನ್ನುವುದೂ ತಪ್ಪು. ಇದೇ ನರ್ಸಿಂಗಿನಲ್ಲಿ ಮೂರು ವರ್ಷದ ಇನ್ನೊಂದು ಕೋರ್ಸೂ ಇತ್ತು. ಅದಕ್ಕೆ ಖರ್ಚೇ ಇಲ್ಲ, ಆಸ್ಪತ್ರೆಯವರೇ ಊಟ ಹಾಕಿ ಕೈಗೆ ಒಂದಿಷ್ಟು ಕೊಡುತ್ತಿದ್ದರು. ಪುಕ್ಕಟೆ ಸಿಗುವ ಮೂರು ವರ್ಷದ್ದು ಇರುವಾಗ ಹನ್ನೆರಡು ಸಾವಿರ ಸಾಲ ಮಾಡಿ ನಾಲ್ಕು ವರ್ಷದ್ದು ಯಾಕೆ? ಇದನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸುವುದೆಂದು ಸಾಬರು ಬಿಳಿ ಜುಬ್ಬಾ ಹಾಕಿಕೊಂಡು, ಟವೆಲ್ ಹೆಗಲಿಗೇರಿಸಿ, ದಾವಣಗೆರೆಯ ದೊಡ್ಡದೊಂದು ಆಸ್ಪತ್ರೆಗೆ ನರ್ಸುಗಳನ್ನು ಪರೀಕ್ಷೆ ಮಾಡಲು ಹೊರಟರು.

ಅಲ್ಲಿ ಬೆಂಚಿನ ಮೇಲೆ ಕೂತು ಒಂದು ತಾಸು ಸುಮ್ಮನೆ ನೋಡಿದರು. ಬಿಳಿ ಟೋಪಿಯ ಸಿಸ್ಟರೊಬ್ಬರು ಅತ್ತಿಂದಿತ್ತ ಓಡಾಡುತ್ತಿದ್ದರು. ನಡಿಗೆ ಚೆನ್ನಾಗಿದೆ. ಕಾಲು ಎಳೆಯುತ್ತಿಲ್ಲ. ಯಾರೋ ಕೂಗಿದರೆ ಬೆದರುವುದಿಲ್ಲ. ಒಳ್ಳೆಯ ಲಕ್ಷಣ ಎಂದುಕೊಂಡರು. ಸರದಿಯಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗಿ, ಕೊನೆಗೆ ಆ ಸಿಸ್ಟರು ಇವರ ಮುಂದೆಯೇ ಬಂದು ನಿಂತರು. ನಿರ್ಮಲಮ್ಮ ಅಂತ ಹೆಸರು.

"ಏನಾಗೈತ್ರಿ ಸಾಬ್ರೆ?"

"ನನಗೇನಿಲ್ಲಮ್ಮಾ. ನನ್ನ ಮಗಳು..."

"ಮಗಳನ್ನ ಆಮೇಲೆ ನೋಡಾಣ. ಮೊದ್ಲು ನೀವು ಬಾಯಿ ತೆಗೀರಿ" ಎಂದವರೇ ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ತುರುಕಿಬಿಟ್ಟರು. "ಎರಡು ನಿಮಿಷ ತುಟಿ ಬಿಚ್ಚಬ್ಯಾಡ್ರಿ."

ಎರಡು ನಿಮಿಷ! ಹುಟ್ಟಿದಾರಭ್ಯ ಮಕ್ತುಮ್ ಸಾಬರು ಎಚ್ಚರವಿದ್ದಾಗ ಅಷ್ಟು ಹೊತ್ತು ಬಾಯಿ ಮುಚ್ಚಿದ್ದಿಲ್ಲ. ಕೇಳಬೇಕಾದ್ದೆಲ್ಲಾ ಗಂಟಲಲ್ಲಿ ಬಂದು ಗುಂಪುಗಟ್ಟಿತು. ಕಣ್ಣು ಮೇಲೆ ಕೆಳಗೆ ಮಾಡಿದರು. ಸಿಸ್ಟರ ಟೋಪಿಯ ಕಡೆ ಬೆರಳು ತೋರಿಸಿ, ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ, ಹುಬ್ಬು ಹಾರಿಸಿದರು. ನಿರ್ಮಲಮ್ಮ ಒಂದು ಗಳಿಗೆ ನೋಡಿದರು. ಆಮೇಲೆ ಕಿಸಕ್ಕನೆ ನಕ್ಕರು.

"ಸಂಬಳಾನಾ? ನೀವು ದನದ ದಲ್ಲಾಳ್ರೇನು? ನಮ್ಮಪ್ಪನೂ ಹಿಂಗೇ ಬೆರಳಾಗೇ ಮಾತಾಡ್ತಿದ್ದ" ಎಂದು ಒಂಬತ್ತು ಬೆರಳು ತೋರಿಸಿದರು. "ಒಂಬೈನೂರು. ಹನ್ನೆರಡು ವರ್ಷ ಸರ್ವೀಸಿನ ಮ್ಯಾಲೆ. ನಂದು ಮೂರು ವರ್ಷದ ಕೋರ್ಸು."

ಸಾಬರು ನಾಲ್ಕು ಬೆರಳೆತ್ತಿ ಹುಬ್ಬು ಹಾರಿಸಿದರು.

"ನಾಕು ವರ್ಷದ್ದಾ? ಅಯ್ಯೋ, ಅದನ್ನ ಕೇಳಬ್ಯಾಡ್ರಿ. ಹೋದ ತಿಂಗಳು ಒಂದು ಹುಡುಗಿ ಬಂತು, ಡಿಗ್ರಿ ಮಾಡಿದ್ದು. ಇಂಜೆಕ್ಷನ್ ಕೊಡಾಕೆ ಕೈ ನಡುಗ್ತಿತ್ತು, ನಾನೇ ಹಿಡ್ಕೊಂಡು ಕಲಿಸ್ದೆ. ಸಾವಿರದ ಇನ್ನೂರು ಸಂಬಳ. ಬರೋ ವರ್ಷ ನನಗೇ ಇನ್‌ಚಾರ್ಜು ಆಗ್ತಾಳ. ಅದಾದ ಮ್ಯಾಲೆ ಟ್ಯೂಟರು. ನಾನು ಇಲ್ಲೇ ಇದೇ ಬೆಂಚು ಎಣಿಸ್ಕೊಂಡು ಇರ್ತೀನಿ. ನಿಮ್ಮ ಮಗಳಾದ್ರೂ ನಾಕು ವರ್ಷದ್ದು ಓದ್ಲಿ."

ಇಷ್ಟು ಹೇಳುವಾಗ ನಗುತ್ತಿದ್ದ ಸಿಸ್ಟರ ದನಿ ಸ್ವಲ್ಪ ಇಳಿದಿತ್ತು. ಸಾಬರಿಗೆ ಅದು ನಾಟಿತು. ಎದುರಾಳಿಯ ದನಿ ಇಳಿದಾಗ ಬರುವ ಮಾತು ನಿಜದ್ದು ಎಂದು ಮೂವತ್ತು ವರ್ಷದ ಸಂತೆ ಅವರಿಗೆ ಕಲಿಸಿತ್ತು. ನಿರ್ಮಲಮ್ಮ ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದರು.

"ತೊಂಬತ್ತೆಂಟು ಪಾಯಿಂಟ್ ನಾಕು."

"ತೊಂಬತ್ತೈದು ಮಾಡ್ರಿ" ಎಂದರು ಸಾಬರು, ಬಾಯಿ ಬಂದ ಕೂಡಲೇ.

ಮನೆಗೆ ಬಂದು ಅಂಗಳದಲ್ಲಿ ಕೂತು ಇದ್ದಿಲಿನಿಂದ ನೆಲದ ಮೇಲೆ ಲೆಕ್ಕ ಹಾಕಿದರು. ಹನ್ನೆರಡು ಸಾವಿರವೆಂದರೆ ನಾಲ್ಕು ಒಳ್ಳೆಯ ಎಮ್ಮೆ. ನಾಲ್ಕು ಎಮ್ಮೆ ಕಟ್ಟಿದರೆ ಹುಲ್ಲು, ಹಿಂಡಿ, ಹತ್ತಿಕಾಳು. ವರ್ಷದಲ್ಲಿ ನಾಲ್ಕೈದು ತಿಂಗಳು ಹಾಲು ಬತ್ತುತ್ತದೆ, ಕರು ಸತ್ತರೆ ಒದೆಯುತ್ತದೆ. ನರ್ಸಿನ ಸಂಬಳ ಬತ್ತುವುದಿಲ್ಲ. ಮೂರು ವರ್ಷದ್ದಕ್ಕೂ ನಾಲ್ಕು ವರ್ಷದ್ದಕ್ಕೂ ತಿಂಗಳಿಗೆ ಮುನ್ನೂರು ವ್ಯತ್ಯಾಸ ಹಿಡಿದರೂ, ಐದಾರು ವರ್ಷದಲ್ಲಿ ಸಾಲ ಬಡ್ಡಿ ಎಲ್ಲಾ ತೀರಿ, ಆಮೇಲಿಂದು ಪೂರಾ ಲಾಭ.

"ಎಮ್ಮೆಗಿಂತ ನೀನೇ ವಾಸಿ" ಎಂದು ಮಗಳಿಗೆ ಹೇಳಿದರು, ಬಹಳ ಪ್ರೀತಿಯಿಂದ.

"ಯಾ ಅಲ್ಲಾ! ಅಬ್ಬಾ, ನಾನೇನು ಎಮ್ಮೆನಾ?"

"ವಾಸಿ ಅಂದೆನಲ್ಲ!"

"ನಾಕು ಎಮ್ಮೆಗೆ ಒಬ್ಬಳು ಸಮ ಅಂತ ಹೇಳ್ತಾರ ಕಣೇ ಅವರು, ಸುಮ್ನಿರು. ನನ್ನ ಮದುವಿಯಾಗೆ ನಿಮ್ಮ ಅಬ್ಬಾ ನನ್ನನ್ನ ಒಂದು ಹಸುವಿಗೂ ಸಮ ಹಿಡಿಲಿಲ್ಲ" ಎಂದು ಹಜೀರಾಬೀ ಒಳಗಿನಿಂದ ಕೂಗಿದಳು.

ಸರಿ, ಸಾಲ ಮಾಡುವುದೆಂದಾಯಿತು. ಬ್ಯಾಂಕಿಗೆ ಜಾಮೀನು ಬೇಕು. ನಂದಿಗುಡಿಯ ಕೊಟ್ಟೂರಪ್ಪನವರು ಹತ್ತು ಎಕರೆ ಗದ್ದೆಯವರು, ಸಾಬರ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಸ್ನೇಹಿತ. "ನೀನು ಹಲ್ಲು ನೋಡಿ ಕೊಡಿಸಿದ ಎತ್ತು ಹನ್ನೊಂದು ವರ್ಷ ದುಡೀತು ಮಾರಾಯ. ನಿನಗೆ ಜಾಮೀನು ನಿಲ್ಲದೆ ಇನ್ಯಾರಿಗೆ ನಿಲ್ಲಲಿ?" ಎಂದು ಬಂದರು. ಬ್ಯಾಂಕಿಗೆ ಹೋಗುವ ದಿನ ಶಮೀಮ್ ಕಾಲೇಜಿನಲ್ಲಿ ಸರ್ಟಿಫಿಕೇಟು ತೋರಿಸಲು ದಾವಣಗೆರೆಗೆ ಹೋಗಬೇಕಾಗಿತ್ತು. ಹೋಗುವ ಮುಂಚೆ ಟೈಪ್ ಮಾಡಿದ ಪಟ್ಟಿಯನ್ನು ಮಡಿಚಿ ಅಪ್ಪನ ಜುಬ್ಬಾದ ಜೇಬಿಗಿಟ್ಟು, "ಮ್ಯಾನೇಜರಿಗೆ ಇದನ್ನ ಕೊಡ್ರಿ, ಸಾಕು" ಎಂದಳು. ಅಷ್ಟೇ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹರಿಹರದ ಬ್ಯಾಂಕಿನ ಮ್ಯಾನೇಜರು ವಾಮದೇವಪ್ಪ. ಮೆತ್ತಗಿನ ಮನುಷ್ಯ. ಸಾಬರನ್ನೂ ಕೊಟ್ಟೂರಪ್ಪನವರನ್ನೂ ಕೂಡಿಸಿ, ಟೀ ತರಿಸಿ, ವಿಷಯ ಕೇಳಿ, ಕನ್ನಡಕ ಒರೆಸಿಕೊಂಡು ಹೇಳಿದರು, "ಒಳ್ಳೆ ಕೆಲಸ ಸಾಬ್ರೆ. ಹೆಣ್ಣುಮಗಳು ಓದಬೇಕು. ನಾವು ಹನ್ನೆರಡು ಸಾವಿರದವರೆಗೂ ಕೊಡಬಹುದು."

ನೋಡಿ, ಇಲ್ಲಿ ಆಯಿತು ಎಡವಟ್ಟು. ಮೇಜಿನ ಆಚೆ ಕೂತ ಮನುಷ್ಯನೊಬ್ಬ ಒಂದು ದೊಡ್ಡ ಮೊತ್ತ ಹೇಳಿದ. ಅದು ಕಿವಿಗೆ ಬಿದ್ದದ್ದೇ ತಡ, ಮೂವತ್ತು ವರ್ಷದ ಅಭ್ಯಾಸ ಒದ್ದುಕೊಂಡು ಎದ್ದು ಕೂತಿತು. ಸಾಬರ ಮುಖ ತಾನಾಗಿಯೇ ಸಿಂಡರಿಸಿತು.

"ಹನ್ನೆರಡಾ! ಏನ್ರಿ ಸಾಹೇಬ್ರೆ, ಬಾಯಿಗೆ ಬಂದಿದ್ದು ಹೇಳಿಬಿಡೋದಾ? ಆರು."

ವಾಮದೇವಪ್ಪ ಕನ್ನಡಕ ಏರಿಸಿಕೊಂಡರು. ಆ ಕುರ್ಚಿಗೆ ಬಂದ ಮೇಲೆ ಕಮ್ಮಿ ಕೊಡಿ ಎಂದು ಕೇಳಿದವನನ್ನು ಅವರು ನೋಡಿರಲಿಲ್ಲ. "ಆರು ಸಾಕಾಗುತ್ತೇನ್ರಿ ನಿಮಗೆ?"

ಸಾಕಾಗುತ್ತಾ ಅಂತೆ! ಈ ಆಟವೆಲ್ಲಾ ಸಾಬರಿಗೆ ಗೊತ್ತು. "ಸಾಕು ಬೇಕು ನನಗೆ ಬಿಡ್ರಿ. ನಿಮ್ಮ ಕೊನೇ ಮಾತು ಹೇಳ್ರಿ."

"ಹಂಗಲ್ಲ, ನಾಲ್ಕು ವರ್ಷದ ಕೋರ್ಸು ಅಂತೀರಿ. ಹನ್ನೊಂದಾದ್ರೂ ಇಟ್ಕೊಳ್ರಿ."

"ಆರೂವರೆ. ನಿಮ್ಮ ಮುಖ ನೋಡಿ ಅರ್ಧ ಸೇರಿಸೀನಿ."

"ಒಂಬತ್ತು."

ಸಾಬರು ಎದ್ದು ನಿಂತರು, ಹೊರಟೇಬಿಟ್ಟವರ ಹಾಗೆ ಬಾಗಿಲವರೆಗೂ ಹೋದರು. ಸಂತೆಯಲ್ಲಿ ಇದು ಕೊನೆಯ ಪಟ್ಟು. ಮ್ಯಾನೇಜರು ಗಾಬರಿಯಾಗಿ, "ಬರ್ರಿ, ಕೂಡ್ರಿ ಸಾಬ್ರೆ, ಸಿಟ್ಟು ಯಾಕ? ಏಳೂವರೆ ಮಾಡೋಣ" ಎಂದರು. ಸಾಬರು ಎರಡೇ ಹೆಜ್ಜೆಗೆ ವಾಪಸು ಬಂದು ಮ್ಯಾನೇಜರ ಕೈ ಹಿಡಿದು ಪಟ್ಟನೆ ತಟ್ಟಿದರು. ಟೀ ಕಪ್ಪು ಅಲುಗಾಡಿತು.

ಪಕ್ಕದಲ್ಲಿದ್ದ ಕೊಟ್ಟೂರಪ್ಪನವರಾದರೂ ತಡೆಯಬಾರದಿತ್ತೇ? ಅವರಿಗೂ ಒಳಗೊಳಗೇ ಖುಷಿ. ಹನ್ನೆರಡಕ್ಕೆ ಜಾಮೀನು ನಿಲ್ಲಲು ಬಂದವರು ಏಳೂವರೆಗೆ ಪಾರಾದರು. ಬಡ್ಡಿ ನೂರಕ್ಕೆ ಹನ್ನೆರಡೂವರೆ ಎಂದು ಮ್ಯಾನೇಜರು ಅಳುಕುತ್ತಾ ಹೇಳಿದಾಗ, ಗೆದ್ದ ಅಮಲಿನಲ್ಲಿದ್ದ ಸಾಬರು ದೊಡ್ಡ ಮನಸ್ಸು ಮಾಡಿ, "ಆಗ್ಲಿ ಬಿಡ್ರಿ, ನಿಮಗೂ ನಾಕು ಕಾಸು ಉಳೀಲಿ" ಎಂದುಬಿಟ್ಟರು. ಇಳಿಸಬೇಕಾದ್ದು ಒಂದೇ ಒಂದಿತ್ತು, ಅದನ್ನು ಇಳಿಸಲಿಲ್ಲ! ಕಾಗದಪತ್ರ ಬರೆದಿಡುತ್ತೇವೆ, ಹುಡುಗಿಯನ್ನು ಕರೆದುಕೊಂಡು ಬಂದು ಸಹಿ ಹಾಕಿಸಿ ಎಂದರು ಮ್ಯಾನೇಜರು.

ಸಾಬರು ಕಾಲು ಕೆಜಿ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದರು. ಶಮೀಮ್ ಆಗಲೇ ಬಂದಿದ್ದಳು.

"ಏನಾತು ಅಬ್ಬಾ?"

"ಏನಾಗೋದು? ಹನ್ನೆರಡು ಅಂತ ಕೂತಿದ್ದ ಆ ಮ್ಯಾನೇಜರ. ಬಿಟ್ನೇನು ನಾನು? ಏಳೂವರೆಗೆ ಇಳಿಸಿ ಕೈ ತಟ್ಟಿ ಬಂದೆ!"

ಶಮೀಮ್ ಕೈಯಲ್ಲಿದ್ದ ಜಿಲೇಬಿ ಕೈಯಲ್ಲೇ ನಿಂತಿತು. "ಏನು ಇಳಿಸಿದ್ರಿ?"

"ಸಾಲ."

"ಅಬ್ಬಾ," ಎಂದಳು ಅವಳು ಮೆಲ್ಲಗೆ, "ಅದು ಅವರು ನಮಗೆ ಕೊಡೋ ದುಡ್ಡು."

ಮಕ್ತುಮ್ ಸಾಬರು ಟವೆಲ್ಲನ್ನು ಹೆಗಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಜೇಬಿಗೆ ಕೈ ಹಾಕಿದರೆ ಟೈಪ್ ಮಾಡಿದ ಪಟ್ಟಿ ಮಡಿಚಿದ್ದು ಮಡಿಚಿದ ಹಾಗೇ ಇತ್ತು. ಹಜೀರಾಬೀ ತಲೆ ಮೇಲೆ ಕೈ ಹೊತ್ತು ಹೊಸಿಲ ಮೇಲೆ ಕೂತಳು. ಮೊದಲು ಅಳು ಬಂತು, ಆಮೇಲೆ ತಡೆಯಲಾರದೆ ನಗು ಬಂತು, ನಕ್ಕದ್ದಕ್ಕೆ ಮತ್ತೆ ಅಳು ಬಂತು.

"ನಾಳೆ ಹೋಗಿ ಹೇಳ್ರಿ, ತಪ್ಪಾತು, ಹನ್ನೆರಡೇ ಬೇಕು ಅಂತ" ಎಂದಳು ಕಣ್ಣೊರೆಸಿಕೊಂಡು.

"ಹೆಂಗೆ ಹೇಳಲೇ? ಕೈ ತಟ್ಟಿ ಬಂದೀನಿ."

"ತಟ್ಟಿದ ಕೈಗೆ ಬೆಂಕಿ ಬೀಳ! ಮಗಳ ಓದು ದೊಡ್ಡದೋ, ನಿಮ್ಮ ಕೈ ದೊಡ್ಡದೋ?"

ಸಾಬರಿಗೆ ಉತ್ತರ ಗೊತ್ತಿತ್ತು, ಅದರಂತೆ ನಡೆಯುವ ದಾರಿ ಗೊತ್ತಿರಲಿಲ್ಲ. ಒಂದು ಸಲ ಮಾತು ಮುರಿದ ದಲ್ಲಾಳಿಯ ಟವೆಲ್ ಕೆಳಗೆ ಇನ್ಯಾರು ಕೈ ಇಡುತ್ತಾರೆ? ಮರುದಿನ ಸಂತೆಗೆ ಹೋದರೆ ಅಷ್ಟರಲ್ಲೇ ಕೊಟ್ಟೂರಪ್ಪನವರು ತಮ್ಮ ಗೆಳೆಯನ ಪರಾಕ್ರಮವನ್ನು ಊರೆಲ್ಲಾ ಸಾರಿಬಿಟ್ಟಿದ್ದರು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. "ಸಾಬ್ರೆ, ನನಗೆ ಬ್ಯಾಂಕಿನಾಗೆ ಐದು ಸಾವಿರ ಕೊಡ್ತಾರಂತ, ಬಂದು ಎರಡಕ್ಕೆ ಇಳಿಸಿಕೊಡ್ರಿ" ಎಂದ ಒಬ್ಬ. "ನಮ್ಮ ಮಾವ ಬಂಗಾರ ಕೊಡ್ತೀನಿ ಅಂದಾನ, ಬರ್ರಿ ಅರ್ಧ ಮಾಡಿ" ಎಂದ ಇನ್ನೊಬ್ಬ. ಸಾಬರು ಅವತ್ತು ಒಂದು ಜೋಡಿಯನ್ನೂ ಕುದುರಿಸಲಿಲ್ಲ. ಒಂದು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡದೆ ಹಾಗೇ ಮುಚ್ಚಿದರಂತೆ.

ಸಂಜೆ ಮನೆಗೆ ಬಂದಾಗ ಶಮೀಮ್ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. "ಬಿಡ್ರಿ ಅಬ್ಬಾ. ನಾನು ಮೂರು ವರ್ಷದ್ದೇ ಓದ್ತೀನಿ. ಅದೂ ನರ್ಸೇ ಅಲ್ಲೇನು?"

ಅವಳು ಚೌಕಾಸಿ ಮಾಡಲಿಲ್ಲ, ಅಳಲಿಲ್ಲ, ಒಂದೇ ಮಾತಿಗೆ ನಾಲ್ಕನ್ನು ಮೂರಕ್ಕೆ ಇಳಿಸಿಬಿಟ್ಟಳು. ಆಸ್ಪತ್ರೆಯ ಸಿಸ್ಟರು ಬೆಂಚು ಎಣಿಸುವ ಮಾತು ಹೇಳಿದಾಗ ದನಿ ಇಳಿದದ್ದು ಸಾಬರಿಗೆ ನೆನಪಾಯಿತು. ಮಗಳ ದನಿಯೂ ಅಷ್ಟೇ ಇಳಿದಿತ್ತು. ಮೂವತ್ತು ವರ್ಷದಲ್ಲಿ ಅಷ್ಟು ನಷ್ಟದ ವ್ಯಾಪಾರ ಅವರು ಕಂಡಿರಲಿಲ್ಲ.

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಹಜೀರಾಬೀ ಆಗ ತಲೆ ಎತ್ತದೆ ಕೇಳಿದಳು, "ಏನ್ರಿ, ನೀವು ಸಂತೆಯಾಗೆ ಎತ್ತು ಕೊಳ್ಳೋರಾ, ಕೊಡಿಸೋರಾ?"

"ಕೊಡಿಸೋನು. ದಲ್ಲಾಳಿ."

"ಕೊಳ್ಳೋನು ಆಮೇಲೆ ಬಂದು ಎತ್ತು ನೋಡಿ, ನನಗೆ ಬ್ಯಾಡ ಅಂತ ಹಗ್ಗ ಮುಟ್ಟದೇ ಹೋದ್ರೆ?"

"ಹೋದ್ರೆ ಆ ವ್ಯಾಪಾರ ಬಿದ್ದುಹೋದಂಗೆ. ದಲ್ಲಾಳಿ ಮಾತು ಮುರಿದಂಗೆ ಅಲ್ಲ. ಕಡರನಾಯಕನಹಳ್ಳಿ ತೋಟಪ್ಪ ಒಂದು ಸಲ ಹಂಗೇ..." ಎಂದವರು ಅಲ್ಲಿಗೇ ನಿಂತರು.

"ಸಾಲ ನಿಮ್ಮ ಹೆಸರಿಗಾ, ಅವಳ ಹೆಸರಿಗಾ?"

"ಅವಳ ಹೆಸರಿಗೆ."

"ಅವಳು ಇನ್ನೂ ಸಹಿ ಮಾಡಿಲ್ಲ" ಎಂದು ಹಜೀರಾಬೀ ರೊಟ್ಟಿ ಮಗುಚಿ ಹಾಕಿದಳು. "ಹಗ್ಗ ಇನ್ನೂ ಮ್ಯಾನೇಜರ ಕೈಯಾಗೇ ಐತೆ."

ಮಕ್ತುಮ್ ಸಾಬರು ಜಿಗಿದು ನಿಂತ ರಭಸಕ್ಕೆ ನೀರಿನ ಚೆಂಬು ಉರುಳಿತು. "ಶಹಬ್ಬಾಸ್! ನಡಿ ಮಗಳೇ, ನಾಳೆನೇ ಹೋಗಾಣ. ಹದಿನಾಕು ಕೇಳ್ತೀನಿ!"

"ನೀವು ಏನೂ ಕೇಳಬ್ಯಾಡ್ರಿ" ಎಂದರು ತಾಯಿ ಮಗಳು, ಒಟ್ಟಿಗೆ.

ಆದರೆ ಅವರನ್ನು ಬಿಟ್ಟು ಹೋಗುವ ಹಾಗೂ ಇರಲಿಲ್ಲ, ತಂದೆಯ ಸಹಿಯೂ ಬೇಕಿತ್ತು. ಕರೆದುಕೊಂಡು ಹೋದರೆ ಬಾಯಿ ಸುಮ್ಮನಿರುತ್ತದೆಯೇ? ಮ್ಯಾನೇಜರು ಹನ್ನೆರಡು ಎಂದ ಕೂಡಲೇ ಅದು ತಾನಾಗಿಯೇ ಆರು ಎಂದುಬಿಡುತ್ತದೆ. ಶಮೀಮ್ ಯೋಚನೆ ಮಾಡಿದಳು. ಕಾಲೇಜಿನ ಪಟ್ಟಿಯಲ್ಲಿ ವಿದ್ಯಾರ್ಥಿ ತರಬೇಕಾದ ಸಾಮಾನುಗಳ ಪೈಕಿ ಒಂದು ಥರ್ಮಾಮೀಟರೂ ಇತ್ತು. ಅದನ್ನು ಅವಳು ಆಗಲೇ ಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಕೊಟ್ಟೂರಪ್ಪನವರು ಕಾದಿದ್ದರು. ಹನ್ನೆರಡಕ್ಕೇ ಜಾಮೀನು ಎಂದು ಕೇಳಿ ಅವರ ಮುಖ ಸಪ್ಪಗಾಯಿತು. "ಅಲ್ಲವ್ವಾ, ಏಳೂವರೆ ಅಂತ ನಮ್ಮ ಮನೆಯಾಕೆಗೂ ಹೇಳಿಬಿಟ್ಟೀನಿ. ಇಷ್ಟು ದೊಡ್ಡ ಮೊತ್ತಕ್ಕೆ... ಹಲ್ಲು ನೋಡದೆ ಹೆಂಗೆ?" ಎಂದು ತಮಾಷೆಗೋ ನಿಜಕ್ಕೋ ಗೊಣಗಿದರು.

ಶಮೀಮ್ ಅವರ ಮುಂದೆ ನಿಂತು ಎರಡೂ ಸಾಲು ಹಲ್ಲು ಕಾಣುವ ಹಾಗೆ ಈ ಎಂದು ಬಾಯಿ ಬಿಟ್ಟಳು.

ಕೊಟ್ಟೂರಪ್ಪನವರು ಬಗ್ಗಿ ನೋಡಿದರು. ಆಮೇಲೆ ಮಕ್ತುಮ್ ಸಾಬರ ಕಡೆ ತಿರುಗಿದರು. "ಏನಪಾ, ನೀನೇ ಹೇಳು. ಎಷ್ಟು ವರ್ಷ ದುಡೀತೈತೆ?"

"ನಲವತ್ತು ವರ್ಷ" ಎಂದರು ಸಾಬರು. "ಒಂದು ಸುಳಿಯೂ ಕೆಟ್ಟದಿಲ್ಲ ಕೊಟ್ಟೂರಪ್ಪಾ. ಇದೊಂದರಾಗೆ ನಾನು ದಲ್ಲಾಳಿ ಮಾತು ಆಡಾಕ ಹತ್ತಿಲ್ಲ."

"ಹಂಗಾದ್ರೆ ನಡೀರಿ" ಎಂದರು ಕೊಟ್ಟೂರಪ್ಪನವರು, ಕಣ್ಣು ಬೇರೆ ಕಡೆ ಮಾಡಿಕೊಂಡು.

ಬಾಗಿಲ ಹತ್ತಿರ ಶಮೀಮ್ ಥರ್ಮಾಮೀಟರ್ ಝಾಡಿಸಿದಳು. "ಅಬ್ಬಾ, ಆ ಅನ್ರಿ. ನಾನು ಹೇಳೋವರೆಗೂ ತುಟಿ ಬಿಚ್ಚಬ್ಯಾಡ್ರಿ. ಒಡೆದ್ರೆ ಪಾದರಸ ಹೊಟ್ಟೆಗೆ ಹೋಗ್ತೈತೆ." ಸಾಬರು ಬಾಯಿ ತೆರೆದರು, ಮಗಳು ಇಟ್ಟಳು. ಒಳಗೆ ಹೋಗಿ ಕೂತ ಮೇಲೆ ಬೆರಳುಗಳ ಮೇಲೂ ನಂಬಿಕೆ ಸಾಲದೆ, ಸಾಬರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತರು.

"ಏನ್ರಿ, ಸಾಬ್ರಿಗೆ ಜ್ವರಾನಾ?" ಎಂದರು ವಾಮದೇವಪ್ಪ.

"ಹೂಂ ಸಾರ್, ಹಳೇ ಕಾಯಿಲೆ. ಮೊನ್ನೆ ಇಲ್ಲಿ ಬಂದಾಗ ಜೋರಾಗಿತ್ತು" ಎಂದಳು ಶಮೀಮ್. ಟೈಪ್ ಮಾಡಿದ ಪಟ್ಟಿ ಬಿಡಿಸಿ ಮೇಜಿನ ಮೇಲಿಟ್ಟಳು. ಫೀಸು ಇಷ್ಟು, ಹಾಸ್ಟೆಲ್ಲು ಇಷ್ಟು, ಓದು ಮುಗಿದ ಮೇಲೆ ಬರುವ ಸಂಬಳ ಇಷ್ಟು, ಅದರಲ್ಲಿ ತಿಂಗಳಿಗೆ ಕಟ್ಟುವುದು ಇಷ್ಟು ಎಂದು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಮ್ಯಾನೇಜರು ಎಲ್ಲಾ ನೋಡಿ ನಿಟ್ಟುಸಿರು ಬಿಟ್ಟರು.

"ಮೊದ್ಲೇ ಈ ಕಾಗದ ತೋರಿಸಿದ್ರೆ ಆಗ್ತಿತ್ತಲ್ಲಮ್ಮಾ. ನಿಮ್ಮಪ್ಪ ಎದ್ದು ಹೊಂಟೇಬಿಟ್ರು, ನನಗೆ ಹೆದರಿಕೆ ಆತು. ಸರಿ, ಹನ್ನೆರಡು ಸಾವಿರ."

ಹನ್ನೆರಡು! ಸಾಬರ ಗಂಟಲಮಣಿ ಮೇಲೆ ಹೋಯಿತು. ಕಣ್ಣುಗಳು ದೊಡ್ಡವಾದವು, ಹಣೆಯಲ್ಲಿ ಬೆವರು ಒಡೆಯಿತು, ಥರ್ಮಾಮೀಟರಿನ ತುದಿ ಟಕಟಕ ಕುಣಿಯಿತು. ಕೆಳಗಿದ್ದ ಕೈಗಳು ಬಿಡಿಸಿಕೊಳ್ಳಲು ಒದ್ದಾಡಿ ಇಡೀ ಕುರ್ಚಿ ಕಿರುಗುಟ್ಟಿತು.

"ಅಬ್ಬಾ, ಇನ್ನೊಂದೇ ನಿಮಿಷ" ಎಂದಳು ಮಗಳು, ಕಾಗದದಿಂದ ಕಣ್ಣೆತ್ತದೆ, ಸಹಿ ಹಾಕುತ್ತಾ.

ಸಾಬರು ತಡೆದುಕೊಂಡರು. ಆ ಒಂದು ನಿಮಿಷದ ಕಷ್ಟ ಮಾತ್ರ ಯಾರಿಗೂ ಬೇಡ. ತಮ್ಮ ಸರದಿ ಬಂದಾಗ ಒಂದು ಕೈ ಬಿಡಿಸಿಕೊಂಡು ಸಹಿ ಹಾಕಿ, ಮತ್ತೆ ಅದರ ಮೇಲೆ ಕೂತರು. ಎಲ್ಲಾ ಮುಗಿದ ಮೇಲೆ ಶಮೀಮ್ ಥರ್ಮಾಮೀಟರ್ ತೆಗೆದು ನೋಡಿದಳು. ಅವಳು ಓದಿದ ಮೊದಲ ಟೆಂಪರೇಚರು ಅದೇ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಮರುದಿನ ಶನಿವಾರ ಕಾಲೇಜಿಗೆ ಕಂತು ಕಟ್ಟಿದ್ದಾಯಿತು.

ನಾಲ್ಕು ವರ್ಷ ಕಳೆಯಿತು. ಎಂಬತ್ತೆಂಟರಲ್ಲಿ ಶಮೀಮ್ ಪಾಸಾಗಿ, ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ಕೆಲಸ ಕೇಳಲು ಹೋದಳು. ಅಲ್ಲಿಯ ಸೆಕ್ರೆಟರಿ ಸಾವಿರದ ಇನ್ನೂರು ಎಂದರಂತೆ. ಇವಳು ಮುಖ ಸಿಂಡರಿಸಿ ಸಾವಿರದ ಆರುನೂರು ಎಂದಳಂತೆ. ಎದ್ದು ಬಾಗಿಲವರೆಗೂ ಹೋದಳಂತೆ. ಸಾವಿರದ ನಾನೂರಕ್ಕೆ ಕುದುರಿತು. ಇದನ್ನು ಕೇಳಿದ ದಿನ ಸಾಬರು ರೊಟ್ಟಿಯನ್ನು ಇಳಿಸದೆ ನಾಲ್ಕೂ ತಿಂದರು.

ಮೊದಲ ಸಂಬಳದ ದಿನ ಶಮೀಮ್ ಮನೆಗೆ ಬಂದು ಅಪ್ಪನ ಹೆಗಲಿನ ಟವೆಲ್ ತೆಗೆದು ಅವರ ಕೈ ಮೇಲೆ ಹೊದಿಸಿದಳು. ತನ್ನ ಕೈಯನ್ನೂ ಅದರೊಳಗೆ ತೂರಿಸಿದಳು.

"ಇದೇನೇ?"

"ನಿಮ್ಮ ದಲ್ಲಾಳಿ ದುಡ್ಡು ಅಬ್ಬಾ. ಹನ್ನೆರಡು ಸಾವಿರದ ವ್ಯಾಪಾರ, ನೂರಕ್ಕೆ ಎರಡು. ಇನ್ನೂರಾ ನಲವತ್ತು ರೂಪಾಯಿ."

"ಇನ್ನೂರಾ ನಲವತ್ತಾ!" ಎಂದರು ಮಕ್ತುಮ್ ಸಾಬರು. ಮುಖ ಸಿಂಡರಿಸಿತ್ತು. "ಭಾಳ ಆತು. ನೂರು ಮಾಡು."

ಟವೆಲ್ ಕೆಳಗೆ ಪಟ್ಟನೆ ಸದ್ದಾಯಿತು. ಮಗಳು ಕೈ ತಟ್ಟಿಬಿಟ್ಟಿದ್ದಳು.

ಒಲೆಯ ಮುಂದಿನಿಂದ ಹಜೀರಾಬೀ ನಗುವುದು ಮೊದಲು ಕೇಳಿಸಿತು. ಆಮೇಲೆ ಸಾಬರಿಗೆ ಗೊತ್ತಾಯಿತು. "ಏ, ಏ, ತಡಿ..."

"ಕೈ ತಟ್ಟಿದ ಮ್ಯಾಲೆ ಮಾತಿಲ್ಲ. ನೂರು ನಿಮಗೆ, ಉಳಿದ ನೂರಾ ನಲವತ್ತು ಬ್ಯಾಂಕಿನ ಕಂತಿಗೆ" ಎಂದಳು ಶಮೀಮ್. ಆದರೆ ಟವೆಲ್ ಕೆಳಗೆ ಅಪ್ಪನ ಕೈಯನ್ನು ಬಿಡಲಿಲ್ಲ. ಸಾಬರೂ ಎಳೆದುಕೊಳ್ಳಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ಒರೆಸಿಕೊಳ್ಳಲು ಟವೆಲ್ಲಿಗೆ ಬಿಡುವಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಸಂತೆಗೆ ಹೊರಟು ಬಸ್ಸಿನಲ್ಲಿ ಕೂತರು. ಆ ವೇಳೆಗೆ ಚಾರ್ಜು ಎರಡು ರೂಪಾಯಿ ಆಗಿತ್ತು. ಅದೇ ಹಳೆಯ ಕಂಡಕ್ಟರು, ಜಗಳಕ್ಕೆ ಸಿದ್ಧವಾಗಿಯೇ ಬಂದು, "ಎರಡು ರೂಪಾಯಿ ಸಾಬ್ರೆ" ಎಂದ. ಸಾಬರು ಕಿಟಕಿಯಿಂದ ಹೊರಗೆ ನೋಡುತ್ತಾ ಎರಡು ರೂಪಾಯಿ ತೆಗೆದು ಕೊಟ್ಟರು. ಕಂಡಕ್ಟರು ದುಡ್ಡು ನೋಡಿದ, ಅವರ ಮುಖ ನೋಡಿದ, ಗಾಬರಿಯಾಗಿ ಹಣೆ ಮುಟ್ಟಿ ನೋಡಿದ.

"ಯಾಕ್ರಿ ಸಾಬ್ರೆ, ಜ್ವರ ಗಿರ ಬಂದೈತೇನು?"

"ಇಲ್ಲಪ್ಪಾ" ಎಂದರು ಮಕ್ತುಮ್ ಸಾಬರು. "ನನ್ನ ಮಗಳು ನೋಡ್ಯಾಳ. ತೊಂಬತ್ತೆಂಟು ಪಾಯಿಂಟ್ ನಾಕು. ಅದರಾಗೆ ಒಂದು ಪಾಯಿಂಟೂ ಇಳಿಸಂಗಿಲ್ಲ."